ನದಿಯಲ್ಲಿಲ್ಲದ ಸೀಸ ನಲ್ಲಿಗೆ ಬಂದದ್ದು ಹೇಗೆ?

ಪ್ರಶ್ನೆ: ಅಮೆರಿಕದ ಮಿಶಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಕುಡಿಯುವ ನೀರಿಗೆ ಸೀಸ ಸೇರಿತ್ತಂತೆ. ಅದು ನದಿಯಿಂದಲೇ ಬಂತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ, ಕೊಳವೆಗಳಿಂದ. ಬೀದಿಯ ದೊಡ್ಡ ಕೊಳವೆಯಿಂದ ಮನೆಗೆ ಎಳೆದ ಹಳೆಯ ಸೀಸದ ಪೈಪು, ತಾಮ್ರದ ಪೈಪಿನ ಹಳೆಯ ಬೆಸುಗೆ, ಹಳೆಯ ಹಿತ್ತಾಳೆಯ ನಲ್ಲಿ, ಮೂರರಲ್ಲೂ ಸೀಸ ಇರುತ್ತದೆ. ಆದರೆ ಪೈಪು ಸೀಸದ್ದಾದ ಮಾತ್ರಕ್ಕೆ ನೀರು ವಿಷವಾಗುವುದಿಲ್ಲ. ಡೆಟ್ರಾಯಿಟ್‌ನಿಂದ ಫ್ಲಿಂಟ್‌ಗೆ ಬರುತ್ತಿದ್ದ ಹ್ಯೂರಾನ್ ಸರೋವರದ ನೀರಿಗೆ ಆರ್ಥೋಫಾಸ್ಫೇಟ್ ಬೆರೆಸುತ್ತಿದ್ದರು. ಅದು ಸೀಸದ ಜೊತೆ ಕೂಡಿ ಪೈಪಿನ ಒಳಮೈಗೆ ಸುಲಭವಾಗಿ ಕರಗದ ಪೊರೆ ಕಟ್ಟುತ್ತದೆ.

2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ಫ್ಲಿಂಟ್ ನದಿಯ ನೀರಿಗೆ ಬದಲಾಯಿಸಿದರು. ಫಾಸ್ಫೇಟ್ ಹಾಕಲೇ ಇಲ್ಲ. ನದಿಯಲ್ಲಿ ಲೋಹವನ್ನು ಕೊರೆಯುವ ಕ್ಲೋರೈಡ್ ಮೊದಲೇ ಹೆಚ್ಚು. ಕೆಸರು ತಳಕ್ಕೆ ಕೂರಿಸಲು ಬಳಸಿದ ಫೆರಿಕ್ ಕ್ಲೋರೈಡ್ ಅದನ್ನು ಇನ್ನಷ್ಟು ಏರಿಸಿತು. ಹಳೆಯ ಪೊರೆ ಸಡಿಲಗೊಂಡು ಸೀಸ ನೀರಿಗಿಳಿಯಿತು. ಕಬ್ಬಿಣದ ಕೊಳವೆಗಳೂ ತುಕ್ಕು ಹಿಡಿದು ನೀರಿನಲ್ಲಿ ರೋಗಾಣು ಕೊಲ್ಲಲು ಬೆರೆಸಿದ ಕ್ಲೋರಿನ್ನನ್ನು ನುಂಗಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆ, ಎಂಜಿನ್ ಭಾಗಗಳು ತುಕ್ಕು ಹಿಡಿಯುತ್ತಿವೆಯೆಂದು ಆ ನೀರನ್ನು ಬಿಟ್ಟಿತು. ಜನರಿಗೆ ಡೆಟ್ರಾಯಿಟ್ ನೀರು ಮರಳಿ ಸಿಕ್ಕಿದ್ದು ಮತ್ತೊಂದು ವರ್ಷ ಕಳೆದ ಮೇಲೆ! ತಪ್ಪು ಗೊತ್ತಾಗಲು ಇನ್ನೇನು ಬೇಕಿತ್ತೋ.

ಪ್ರಶ್ನೆ: ಮಗಳು ಮಿಶಿಗನ್‌ನಲ್ಲಿ ಹಳೆಯ ಬಾಡಿಗೆ ಮನೆಯಲ್ಲಿದ್ದಾಳೆ. ನೀರು ಕುದಿಸಿ ಕುಡಿದರೆ ಸಾಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಲದು. ಕುದಿಸಿದರೆ ನೀರು ಆವಿಯಾಗುತ್ತದೆ, ಸೀಸ ಪಾತ್ರೆಯಲ್ಲೇ ಉಳಿದು ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಮನೆಯೊಳಗೆ ಪೈಪು ಬರುವ ಜಾಗದಲ್ಲಿ, ಮೀಟರಿನ ಹತ್ತಿರ, ನಾಣ್ಯದಿಂದ ಮೆಲ್ಲಗೆ ಕೆರೆದು ನೋಡಲಿ. ಲೋಹ ಮೆತ್ತಗಿದ್ದು ಬೆಳ್ಳಿಯಂತೆ ಹೊಳೆದರೆ, ಆಯಸ್ಕಾಂತ ಅಂಟದಿದ್ದರೆ, ಅದು ಸೀಸವೇ ಇರಬಹುದು.

ಪರೀಕ್ಷೆಗೆ ನೀರು ಹಿಡಿಯುವುದರಲ್ಲೇ ಎಡವುವುದು ಹೆಚ್ಚು. ಕನಿಷ್ಠ 6 ಗಂಟೆ ನಲ್ಲಿ ತಿರುಗಿಸದೆ ಬಿಟ್ಟು, ಬೆಳಿಗ್ಗೆ ಬರುವ ಮೊದಲ 1 ಲೀಟರನ್ನೇ ಅಗಲ ಬಾಯಿಯ ಬಾಟಲಿಗೆ ಹಿಡಿಯಬೇಕು. ಹಿಂದಿನ ರಾತ್ರಿ ನೀರು ಹರಿಯಬಿಡಬಾರದು, ನಲ್ಲಿಯ ತುದಿಯ ಜಾಲರಿ ಬಿಚ್ಚಬಾರದು. ಹಾಗೆ ಮಾಡಿದರೆ ಇರುವ ಸೀಸವೂ ವರದಿಯಲ್ಲಿ ಕಾಣುವುದಿಲ್ಲ. ಸೀಸದ ಪೈಪು ಇರುವ ಮನೆಯಲ್ಲಿ ಐದನೆಯ ಲೀಟರನ್ನೂ ಬೇರೆಯಾಗಿ ಕಳಿಸುವುದು ಒಳ್ಳೆಯದು, ಹೊರಗಿನ ಪೈಪಿನಲ್ಲಿ ನಿಂತಿದ್ದ ನೀರು ಆಗ ಬರುತ್ತದೆ. ಅಡುಗೆಗೆ ಬಿಸಿನೀರಿನ ನಲ್ಲಿ ಬೇಡವೇ ಬೇಡ. ಫಿಲ್ಟರ್ ಕೊಳ್ಳುವಾಗ ಎನ್‌ಎಸ್‌ಎಫ್ 53 (ಫಿಲ್ಟರುಗಳಿಗೆ ಅಮೆರಿಕದ ಮಾನದಂಡ) ಗುರುತಿನ ಜೊತೆ ಸೀಸದ ಹೆಸರೂ ಇರಬೇಕು.

ಪ್ರಶ್ನೆ: ನಮ್ಮ ಮನೆಯ ಯುವಿ ಯಂತ್ರ ಸೀಸ ತೆಗೆಯುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇಲ್ಲ, ಅದು ಕೊಲ್ಲುವುದು ರೋಗಾಣುಗಳನ್ನು ಮಾತ್ರ. ಆರ್‌ಒ ಪೊರೆ ಸೀಸವನ್ನು ತಡೆಯುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಐಎಸ್ 10500 ಮಾನದಂಡದಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಪ್ರಯೋಗಾಲಯದ ವರದಿಯಲ್ಲಿ ‘ಸೀಸ’ ಎಂಬ ಸಾಲು ಇದೆಯೇ ನೋಡಿ. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಪದಾರ್ಥ) ಅಂಕಿಯಿಂದ ಅದು ತಿಳಿಯದು.