ಬಂಡೆಗಳ ಆಚೆಗಿರುವ ದೇವರು

ಮಾನ್ಯ ಓದುಗರೆ,

ಕಳೆದ ಸಂಚಿಕೆಯಲ್ಲಿ ಅಚ್ಚಾದ, ಸಮುದ್ರದ ನಡುವೆ ಹುಲ್ಲುಹಗ್ಗದಿಂದ ಬಿಗಿದ ಎರಡು ಬಂಡೆಗಳ ಚಿತ್ರವನ್ನು ಕುರಿತು ನೀವು ಬರೆದ ಪತ್ರ ತಲುಪಿದೆ. ಚಿತ್ರದ ಕೆಳಗೆ ‘ಜಪಾನೀಯರು ಪೂಜಿಸುವ ದಂಪತಿ ದೇವರು’ ಎಂದಿದ್ದುದನ್ನು ಎತ್ತಿ ತೋರಿಸಿ, ಪೂಜೆ ಸಲ್ಲುವುದು ಕಲ್ಲಿಗೋ ಅಥವಾ ಕಲ್ಲಿನಲ್ಲಿ ನೆಲೆಸಿದ ದೇವರಿಗೋ, ಇವರನ್ನು ಶಿವ ಪಾರ್ವತಿಯರಂತೆ ತಿಳಿಯಬಹುದೇ ಎಂದು ಕೇಳಿದ್ದೀರಿ. ಆ ಅಡಿಬರಹವನ್ನು ಬರೆದವನು ನಾನೇ. ಅದು ತಪ್ಪಾಗಿತ್ತು. ನಿಮ್ಮ ಪ್ರಶ್ನೆ ಬರದಿದ್ದರೆ ಆ ತಪ್ಪು ಹಾಗೆಯೇ ಉಳಿಯುತ್ತಿತ್ತು.

ಮಿಎ ಪ್ರಾಂತ್ಯದ ಇಸೆ ನಗರದ ಫುತಾಮಿ ಕಡಲತೀರದಲ್ಲಿರುವ ಈ ಬಂಡೆಗಳಿಗೆ ‘ಮೆಓತೊ ಇವಾ’, ಅಂದರೆ ದಂಪತಿ ಬಂಡೆಗಳು ಎಂಬ ಹೆಸರಿರುವುದು ನಿಜ. ಒಂದರ ಎತ್ತರ ಸುಮಾರು 9 ಮೀಟರ್, ಇನ್ನೊಂದರದು ಸುಮಾರು 4 ಮೀಟರ್. ಜಗತ್ತನ್ನು ಹಡೆದ ಇಜಾನಾಗಿ ಮತ್ತು ಇಜಾನಾಮಿ ಎಂಬ ಆದಿದಂಪತಿಗಳೇ ಇವರೆಂದು ಹೇಳುವವರೂ ಇದ್ದಾರೆ. ಆದರೆ ತೀರದಲ್ಲಿರುವ ಓಕಿತಾಮಾ ಗುಡಿಯ ಆಚರಣೆಯಲ್ಲಿ ಈ ಬಂಡೆಗಳು ದೇವರಲ್ಲ, ಬಾಗಿಲು. ಇವುಗಳ ಆಚೆ, ಸುಮಾರು 700 ಮೀಟರ್ ದೂರದ ನೀರಿನೊಳಗೆ, ಕಣ್ಣಿಗೆ ಕಾಣದಂತೆ ಮುಳುಗಿರುವ ಕಲ್ಲೊಂದಿದೆ. ದೇವಲೋಕದಿಂದ ಇಳಿದುಬಂದ ಸೂರ್ಯದೇವಿಯ ಮೊಮ್ಮಗನಿಗೆ ದಾರಿ ತೋರಿದ ಸಾರುತಾಹಿಕೊ ದೇವರಿಗೆ ಸಂಬಂಧಿಸಿದ ಪವಿತ್ರ ಶಿಲೆ ಅದು. ತೀರದಲ್ಲಿ ನಿಂತು ಎರಡು ಬಂಡೆಗಳ ನಡುವಿನತ್ತ ಕೈ ಮುಗಿಯುವವರು ಮುಗಿಯುವುದು ಆ ಕಾಣದ ಶಿಲೆಗೆ, ಮತ್ತು ಅದೇ ದಿಕ್ಕಿನಲ್ಲಿ ಏಳುವ ಸೂರ್ಯನಿಗೆ. ದಕ್ಷಿಣಾಯನ ಆರಂಭವಾಗುವ ಜೂನ್ ತಿಂಗಳ ದಿನಗಳಲ್ಲಿ ಸೂರ್ಯ ಸರಿಯಾಗಿ ಈ ಎರಡರ ನಡುವಿನಿಂದಲೇ ಮೇಲೇರುತ್ತಾನೆ. ಆಕಾಶ ತಿಳಿಯಾಗಿದ್ದರೆ ಬಹುದೂರದ ಫುಜಿ ಪರ್ವತದ ನೆರಳುಗೆರೆಯೂ ಅವನ ಮುಂದೆ ಕಾಣುತ್ತದೆ. ಆ ಮುಂಜಾವಿನಲ್ಲಿ ಬಿಳಿ ಬಟ್ಟೆ ತೊಟ್ಟ ಭಕ್ತರು ಬಂಡೆಗಳ ಮುಂದಿನ ನೀರಿಗಿಳಿದು, ಎದೆಮಟ್ಟದ ಅಲೆಗಳಲ್ಲಿ ನಿಂತು ಉದಯವನ್ನು ಕಾಯುತ್ತಾರೆ. ಇಸೆಯ ಮಹಾಮಂದಿರಕ್ಕೆ ಹೋಗುವ ಮೊದಲು ಈ ಕಡಲಿನಲ್ಲಿ ಮಿಂದು ಮಡಿಯಾಗುವುದು ಯಾತ್ರಿಕರ ಹಳೆಯ ರೂಢಿ.

‘ಶಿಮೆನಾವಾ’ ಎಂಬ ಆ ಹಗ್ಗವನ್ನು ನಾನು ಮಾಂಗಲ್ಯದ ದಾರದಂತೆ ಭಾವಿಸಿದ್ದೆ. ವಾಸ್ತವದಲ್ಲಿ ಅದು ಎಲ್ಲೆಯ ಗುರುತು, ಇದರಿಂದಾಚೆಗೆ ಪವಿತ್ರವಾದದ್ದು ಇದೆ ಎಂದು ಸಾರುವ ಗೆರೆ. ಬತ್ತದ ಹುಲ್ಲಿನಿಂದ ಹೊಸೆದ ಹಗ್ಗ ಉಪ್ಪುಗಾಳಿಗೆ ಬಹುಕಾಲ ಬಾಳುವುದಿಲ್ಲವಾದ್ದರಿಂದ ವರ್ಷಕ್ಕೆ ಮೂರು ಬಾರಿ, ಮೇ, ಸೆಪ್ಟೆಂಬರ್ ಮತ್ತು ಡಿಸೆಂಬರಿನಲ್ಲಿ, ಅದನ್ನು ಬದಲಿಸುತ್ತಾರೆ. ಕಲ್ಲೂ ಶಾಶ್ವತವಲ್ಲ. 1918ರ ಚಂಡಮಾರುತದಲ್ಲಿ ಚಿಕ್ಕ ಬಂಡೆ ಬುಡದಲ್ಲಿ ಮುರಿದುಬಿತ್ತು, ಕೆಲವು ವರ್ಷಗಳ ಬಳಿಕ ಅದನ್ನು ಮತ್ತೆ ನಿಲ್ಲಿಸಿದರು. ಅದು ಮುರಿದದ್ದರಿಂದ ಅಲ್ಲಿನ ಆರಾಧನೆಯೇನೂ ಮುರಿಯಲಿಲ್ಲ.

ಹಾಗೆಂದು ಜಪಾನಿನಲ್ಲಿ ಕಲ್ಲನ್ನೇ ಪೂಜಿಸುವುದಿಲ್ಲ ಎಂದು ತಿಳಿದರೆ ಅದೂ ತಪ್ಪಾದೀತು. ಅದೇ ಪ್ರಾಂತ್ಯದ ದಕ್ಷಿಣ ಭಾಗದಲ್ಲಿ, ಕುಮಾನೊ ನಗರದ ಕಡಲಂಚಿನಲ್ಲಿ, ‘ಹಾನಾ ನೊ ಇವಾಯಾ’ ಎಂಬ ಸ್ಥಳವಿದೆ. ಹೂವಿನ ಗವಿ ಎಂದು ಅದರ ಅರ್ಥ. ಅಲ್ಲಿ ಗರ್ಭಗುಡಿಯಿಲ್ಲ. ಸುಮಾರು 45 ಮೀಟರ್ ಎತ್ತರದ ಬಂಡೆಗೋಡೆ, ಅದರ ಬುಡದಲ್ಲಿ ಹಾಸಿದ ಬಿಳಿಯ ಬೆಣಚುಕಲ್ಲುಗಳು, ಇಷ್ಟೇ. ಬೆಂಕಿದೇವರಾದ ಕಾಗುತ್ಸುಚಿಯನ್ನು ಹೆರುವಾಗ ಸುಟ್ಟು ಸತ್ತ ತಾಯಿ ಇಜಾನಾಮಿಯನ್ನು ಕುಮಾನೊದ ಅರಿಮಾ ಗ್ರಾಮದಲ್ಲಿ ಮಣ್ಣು ಮಾಡಿದರೆಂದೂ, ಊರವರು ಹೂವಿನ ಕಾಲದಲ್ಲಿ ಹೂವಿನಿಂದಲೂ, ಡೋಲು ಕೊಳಲು ಬಾವುಟಗಳೊಡನೆ ಹಾಡಿ ಕುಣಿದೂ ಆಕೆಯನ್ನು ಆರಾಧಿಸುತ್ತಾರೆಂದೂ 720ರಲ್ಲಿ ಪೂರ್ಣಗೊಂಡ ‘ನಿಹೊನ್ ಶೋಕಿ’ ಎಂಬ ಪ್ರಾಚೀನ ಜಪಾನೀ ಚರಿತ್ರೆಗ್ರಂಥದ ಪಾಠಾಂತರವೊಂದು ಹೇಳುತ್ತದೆ. ಅದಕ್ಕೂ ಎಂಟು ವರ್ಷ ಹಳೆಯದಾದ ‘ಕೊಜಿಕಿ’ ಗ್ರಂಥದಲ್ಲಿ ಆಕೆಯ ಸಮಾಧಿ ಬೇರೆಡೆ, ಇಜುಮೊ ಮತ್ತು ಹೋಕಿ ಸೀಮೆಗಳ ಗಡಿಯ ಬೆಟ್ಟದಲ್ಲಿದೆ. ಆದರೂ ಕುಮಾನೊದವರು ತಮ್ಮ ಬಂಡೆಯನ್ನು ಬಿಟ್ಟುಕೊಟ್ಟಿಲ್ಲ. ಇಂದಿಗೂ ಫೆಬ್ರವರಿ 2 ಮತ್ತು ಅಕ್ಟೋಬರ್ 2ರಂದು ಬಂಡೆಯ ನೆತ್ತಿಯಿಂದ ಸುಮಾರು 170 ಮೀಟರ್ ಉದ್ದದ ಹುಲ್ಲುಹಗ್ಗವನ್ನು ಇಳಿಬಿಟ್ಟು, ಎಲ್ಲರೂ ಕೈಗೂಡಿಸಿ ಕಡಲತೀರದತ್ತ ಎಳೆದು ಕಟ್ಟುತ್ತಾರೆ. ಹಗ್ಗದಿಂದ ಋತುವಿನ ಹೂಗಳೂ ಬೀಸಣಿಗೆಗಳೂ ತೂಗುತ್ತಿರುತ್ತವೆ. ಫುತಾಮಿಯಲ್ಲಿ ಹಗ್ಗ ತಡೆಯುವ ಎಲ್ಲೆಯಾದರೆ, ಇಲ್ಲಿ ಅದು ಭಕ್ತರ ಅಂಗೈಗೂ ದೇವಿಗೂ ನಡುವಿನ ನಂಟು. ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು: ಅದೇ ಅಂಗಳದಲ್ಲಿ, ತಾಯಿಯ ಬಂಡೆಗೆ ಎದುರಾಗಿ, ಆಕೆಯ ಸಾವಿಗೆ ಕಾರಣನಾದ ಮಗ ಕಾಗುತ್ಸುಚಿಯ ಚಿಕ್ಕ ಬಂಡೆಯೂ ಇದೆ, ಅದಕ್ಕೂ ಪೂಜೆ ಸಲ್ಲುತ್ತದೆ.

ಶಿವ ಪಾರ್ವತಿಯರ ಹೋಲಿಕೆಯನ್ನು ನಾನು ಒಪ್ಪಲಾರೆ. ಫುತಾಮಿಯ ಬಂಡೆಗಳಲ್ಲಿ ಪ್ರಾಣಪ್ರತಿಷ್ಠೆ ಮಾಡಿದ ಮೂರ್ತಿಯನ್ನು ಹುಡುಕಹೊರಟರೆ ಅವುಗಳ ಆಚೆಗಿನ ನೀರನ್ನು ನೋಡುವುದೇ ತಪ್ಪಿಹೋಗುತ್ತದೆ. ನನಗೆ ಆದದ್ದೂ ಅದೇ.

ಮುಂದಿನ ಸಂಚಿಕೆಯಲ್ಲಿ ಅದೇ ಚಿತ್ರವನ್ನು ಈ ಅಡಿಬರಹದೊಂದಿಗೆ ಮತ್ತೆ ಪ್ರಕಟಿಸುತ್ತೇವೆ: ‘ಫುತಾಮಿಯ ದಂಪತಿ ಬಂಡೆಗಳು. ಕಡಲೊಳಗೆ ಮುಳುಗಿರುವ ಸಾರುತಾಹಿಕೊ ದೇವರ ಶಿಲೆಯನ್ನೂ ಸೂರ್ಯೋದಯವನ್ನೂ ಇವುಗಳ ನಡುವಿನಿಂದ ವಂದಿಸುತ್ತಾರೆ.’

ಸಂಪಾದಕ