ಡಿಎನ್‌ಎ ನಕಲಿನ ತಪ್ಪುಗಳು

ಪ್ರಶ್ನೆ: ಕೋಶ ಒಡೆಯುವ ಮುನ್ನ ಡಿಎನ್‌ಎ ನಕಲಾಗುವಾಗ ತಪ್ಪಾಗುವುದಿಲ್ಲವೇ? ಇದರ ಸಂಶೋಧನೆಗೆ ಇಳಿಯಲು ಏನು ಕಲಿಯಬೇಕು?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಖಂಡಿತ ಆಗುತ್ತದೆ. ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಕಿಣ್ವ ಸುಮಾರು 1 ಲಕ್ಷ ಅಕ್ಷರಕ್ಕೆ (ಡಿಎನ್‌ಎಯ ಎ, ಟಿ, ಜಿ, ಸಿ ಘಟಕಗಳಿಗೆ) ಒಂದನ್ನು ತಪ್ಪಾಗಿ ಕೂಡಿಸುತ್ತದೆ. ನಮ್ಮ ಕೋಶದಲ್ಲಿರುವುದು ಸುಮಾರು 600 ಕೋಟಿ ಅಕ್ಷರಜೋಡಿ; ಹಾಗೇ ಬಿಟ್ಟರೆ ಪ್ರತಿ ಮರಿಕೋಶದಲ್ಲೂ 60,000 ತಪ್ಪು! ಆದರೆ ಅದೇ ಕಿಣ್ವ ಹಿಂದೆ ಸರಿದು ತಪ್ಪಕ್ಷರವನ್ನು ಕತ್ತರಿಸುತ್ತದೆ. ಅದರ ಕಣ್ಣು ತಪ್ಪಿದ್ದನ್ನು ಎಂಎಸ್‌ಎಚ್‌2, ಎಂಎಲ್‌ಎಚ್‌1 ಮುಂತಾದ ಪ್ರೋಟೀನುಗಳು ಹಿಡಿಯುತ್ತವೆ. ಕೊನೆಗೆ ಉಳಿಯುವುದು 100 ಕೋಟಿಗೆ ಒಂದು, ಇಲ್ಲವೇ ಇನ್ನೂ ಕಡಿಮೆ. ಈ ಎರಡು ಪ್ರೋಟೀನುಗಳ ಜೀನ್‌ಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ಲಿಂಚ್ ಸಿಂಡ್ರೋಮ್: ದೊಡ್ಡಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಬಹಳ ಹೆಚ್ಚು. ಈ ದುರಸ್ತಿಯನ್ನು ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ 2015ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು.

ದಾರಿ ನೇರವಾಗಿಯೇ ಇದೆ: ಎಂ.ಎಸ್ಸಿ. (ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯ ನಿಮಗೆ ಹತ್ತಿರ), ನೆಟ್-ಜೆಆರ್‌ಎಫ್ (ಸಂಶೋಧನಾ ಶಿಷ್ಯವೇತನದ ರಾಷ್ಟ್ರೀಯ ಪರೀಕ್ಷೆ), ನಂತರ ಪಿಎಚ್.ಡಿ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರವೂ (ಸಿಸಿಎಂಬಿ) ದೂರವಿಲ್ಲ.

ಕೈಪಳಗಲು ಯೀಸ್ಟ್ ಒಳ್ಳೆಯದು. ಹೈಡ್ರಾಕ್ಸಿಯೂರಿಯಾ ಎಂಬ ಮದ್ದು ಬೆರೆಸಿದ ಅಗಾರ್ (ಸೂಕ್ಷ್ಮಜೀವಿ ಬೆಳೆಸುವ ಲೋಳೆಗಟ್ಟಿ) ತಟ್ಟೆಯ ಮೇಲೆ, ಹತ್ತರ ಪಾಲಿನಂತೆ ತಿಳಿಮಾಡುತ್ತ ಹೋದ ಯೀಸ್ಟ್ ಹನಿಗಳನ್ನು ಸಾಲಾಗಿ ಇಡಿ. ಈ ಮದ್ದು ಡಿಎನ್‌ಎ ಕಟ್ಟುವ ಕಚ್ಚಾವಸ್ತುವಿಗೇ ಬರ ತರುತ್ತದೆ. ಹೀಗೆ ನಕಲು ಅರ್ಧಕ್ಕೆ ನಿಂತಾಗ ಅದನ್ನು ಕಾಯುವ ಜೀನ್ ಕೆಟ್ಟ ತಳಿ ಬೆಳೆಯದು. ಅಗಾರ್ 55 ಡಿಗ್ರಿಗೆ ತಣಿದ ಮೇಲೆಯೇ ಮದ್ದು ಹಾಕಿ, ಬಿಸಿಗೆ ಅದು ಕೆಡುತ್ತದೆ. ಹಳೆಯ ತಟ್ಟೆ ಬೇಡ. ಮದ್ದಿಲ್ಲದ ತಟ್ಟೆಯೊಂದು ಪಕ್ಕದಲ್ಲಿ ಇರಲೇಬೇಕು, ಇಲ್ಲದಿದ್ದರೆ ಮೊದಲೇ ಕಡಿಮೆ ಕೋಶವಿದ್ದ ಹನಿಯೂ ಮದ್ದಿಗೆ ಸೋತಂತೆ ಕಾಣುತ್ತದೆ.