ಕಾಸರಗೋಡಿನ ಮನೆ ತೆರಿಗೆ: ಬೆಂಗಳೂರಿನ ಗೆಳೆಯನಿಗೆ ಒಂದು ಉತ್ತರ

"ಪಂಚಾಯತ್ ಮೆಂಬರುಗಳ ಸಂಬಳ ಏರಿಸಲಿಕ್ಕೆ ನಿಮ್ಮ ಮನೆ ತೆರಿಗೆ ಏರಿಸಿದ್ದಾರಂತೆ. ಅದನ್ನೂ ಕಟ್ಟಿಕೊಂಡು ಅಲ್ಲೇ ಕೂತಿದ್ದೀರಲ್ಲ, ಸುಮ್ನೆ ಕರ್ನಾಟಕಕ್ಕೆ ಬಂದುಬಿಡಬಾರದಾ?" ಅಂತ ಕೇಳಿದೆಯಲ್ಲ ಮಾರಾಯ, ಫೋನಿನಲ್ಲಿ ನಕ್ಕು ಬಿಟ್ಟೆ. ಸಿಟ್ಟು ಬಂದಿಲ್ಲ. ಆದರೆ ಒಂದೇ ಉಸಿರಿನಲ್ಲಿ ಇಷ್ಟು ತಪ್ಪು ಹೇಳಿದರೆ ಬಿಡಿಸಿ ಹೇಳಲಿಕ್ಕೆ ಬರೆಯಲೇಬೇಕಾಗುತ್ತದೆ.

ಮೊದಲು ಈ ಬಂದುಬಿಡುವ ಮಾತು. ನಾವು ಎಲ್ಲಿಗೂ ಹೋದವರಲ್ಲ. 1956ರ ಅಕ್ಟೋಬರ್ 31ರ ತನಕ ನಮ್ಮ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮರುದಿನ ಅಜ್ಜ ಎದ್ದದ್ದು ಅದೇ ಮನೆಯಲ್ಲಿ, ಕೇರಳದಲ್ಲಿ. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರಿಗೆ ಸೇರಬೇಕು ಅಂತ ಗಡಿ ತಕರಾರಿಗೆ ನೇಮಿಸಿದ್ದ ಮಹಾಜನ್ ಆಯೋಗ 1967ರಲ್ಲಿ ಹೇಳಿತು. ವರದಿ ಅಲ್ಲೇ ಉಳಿಯಿತು, ನಾವೂ ಇಲ್ಲೇ ಉಳಿದೆವು. ಇನ್ನು ನಿಮ್ಮ ಕರ್ನಾಟಕದ ಪ್ರೀತಿ ಎಷ್ಟು ಅಂತ 2020ರ ಮಾರ್ಚ್‌ನಲ್ಲಿ ನೋಡಿದ್ದೇವೆ. ಕೊರೊನಾ ಹೊತ್ತಿಗೆ ಗಡಿಯ ರಸ್ತೆಗಳಿಗೆ ಲೋಡುಗಟ್ಟಲೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗೆ ಹೊರಟಿದ್ದ ನಾವೆಲ್ಲ ಒಂದೇ ರಾತ್ರಿಯಲ್ಲಿ "ಕೇರಳದವರು" ಆಗಿದ್ದೆವು. ಹೋಗಲಿ, ಅದು ಬೇರೆ ಕಥೆ.

ಈಗ ಸಂಬಳ. ಪಂಚಾಯತ್ ಕಚೇರಿಯ ಕ್ಲರ್ಕು, ಸೆಕ್ರೆಟರಿ ಎಲ್ಲ ಇಲ್ಲಿ ರಾಜ್ಯ ಸರ್ಕಾರದ ನೌಕರರು. ಅವರ ಸಂಬಳ ಎಷ್ಟು ಅಂತ ಗೊತ್ತುಮಾಡುವುದು ಸರ್ಕಾರ, ನಮ್ಮ ಪಂಚಾಯತ್ ಅಲ್ಲ. 2021ರಲ್ಲಿ ಸಂಬಳ ಪರಿಷ್ಕರಣೆ ಆಗಿ ಕನಿಷ್ಠ ಮೂಲವೇತನ 16,500ರಿಂದ 23,000ಕ್ಕೆ ಹೋಯಿತು. ಊರಿನ ಅಂಗಡಿ ಕಟ್ಟೆಯಲ್ಲಿ ಆಗ ಎಲ್ಲರೂ ಬಾಯಿಗೆ ಕೈ ಇಟ್ಟುಕೊಂಡರು. ಕಚೇರಿಯೊಳಗೆ ಹೋಗಿ ನೋಡಿದರೆ ಅವರದ್ದೂ ಗೋಳೇ. ಮನೆ ಬಾಡಿಗೆಗೇ ಸಂಬಳದ ಅರ್ಧ ಹೋಗುತ್ತದೆ ಅಂತ. ಕೇಳಿದರೆ ಪಾಪ ಅನ್ನಿಸುತ್ತದೆ. ನಮ್ಮ ಕಾಗದ ಮಾತ್ರ ಮೇಜಿನಿಂದ ಮೇಜಿಗೆ ಸರಿಯುವುದಿಲ್ಲ.

ಮೆಂಬರುಗಳಿಗೆ ಸಿಗುವುದು ಸಂಬಳ ಅಲ್ಲ, ಗೌರವಧನ. 2016ರಲ್ಲಿ ಅದನ್ನು ಒಮ್ಮೆಲೇ ಇಮ್ಮಡಿ ಮಾಡಿದರು. 2021ರ ಬಜೆಟ್‌ನಲ್ಲಿ ಇನ್ನೊಂದು ಸಾವಿರ ಸೇರಿತು. ಗ್ರಾಮ ಪಂಚಾಯತ್ ಸದಸ್ಯರಿಗೆ ತಿಂಗಳಿಗೆ 8,000, ಅಧ್ಯಕ್ಷರಿಗೆ 14,200 ಅಂತಾಯಿತು. ನಿಮ್ಮಲ್ಲಿ ಸದಸ್ಯರಿಗೆ ಸಾವಿರದಿಂದ ಎರಡು ಸಾವಿರಕ್ಕೆ ಏರಿಸಿದ್ದೇ ದೊಡ್ಡ ಸುದ್ದಿ ಆಗಿತ್ತು, ಹಾಗಾಗಿ ನಿನಗೆ ಎಂಟು ಸಾವಿರ ಜಾಸ್ತಿ ಅನ್ನಿಸಬಹುದು. ನನಗೆ ಅನ್ನಿಸುವುದಿಲ್ಲ. ನಮ್ಮ ಮೆಂಬರು ದಿನ ಬೆಳಗಾದರೆ ಸ್ಕೂಟರ್ ಹತ್ತುತ್ತಾರೆ. ಯಾರದ್ದೋ ಪಿಂಚಣಿ ನಿಂತಿದೆ, ಯಾರದ್ದೋ ಅಡ್ಡ ರಸ್ತೆಯ ದೀಪ ಕೆಟ್ಟಿದೆ, ಯಾರದ್ದೋ ಮನೆಯಲ್ಲಿ ಸಾವು. ಇಲ್ಲಿ ಮೆಂಬರು ಸಾವಿನ ಮನೆಗೆ ಬಾರದಿದ್ದರೆ ಮುಂದಿನ ಸಲ ಓಟು ಇಲ್ಲ. ಎಂಟು ಸಾವಿರ ಪೆಟ್ರೋಲಿಗೇ ಸಾಲುವುದಿಲ್ಲ. ಒಂದು ವಿಷಯ ಮಾತ್ರ ನಿಜ. ಮೊನ್ನೆಯ ವಾರ್ಡ್ ವಿಂಗಡಣೆಯಲ್ಲಿ ಕೇರಳದ ಗ್ರಾಮ ಪಂಚಾಯತ್ ವಾರ್ಡುಗಳು 15,962ರಿಂದ 17,337 ಆದವು. ಮೆಂಬರುಗಳು ಅಷ್ಟು ಜಾಸ್ತಿ, ಗೌರವಧನದ ಖರ್ಚೂ ಜಾಸ್ತಿ. ಈ ವಾರ್ಡಿನ ವಿಷಯಕ್ಕೆ ಮತ್ತೆ ಬರುತ್ತೇನೆ, ನನ್ನ ತಲೆನೋವು ಇರುವುದೇ ಅಲ್ಲಿ.

ತೆರಿಗೆ ಏರಿದ್ದು ಹೌದು. ಮುಂಚೆ ಎಷ್ಟೋ ವರ್ಷಕ್ಕೊಮ್ಮೆ ಏರಿಸಿ, ಜನ ಕೂಗಾಡಿ, ಸ್ವಲ್ಪ ಇಳಿಸಿ, ಹಾಗೆ ನಡೆಯುತ್ತಿತ್ತು. 2023ರ ಏಪ್ರಿಲ್‌ನಿಂದ ಪ್ರತಿ ವರ್ಷ ತಾನಾಗಿ ಶೇ. 5 ಏರುವ ವ್ಯವಸ್ಥೆ ಬಂದಿದೆ. ಐದೇ ಅಲ್ವಾ ಅನ್ನಬೇಡ. ಸಾವಿರ ರೂಪಾಯಿ ಇದ್ದದ್ದು ಮೂರು ವರ್ಷಕ್ಕೆ 1,158 ಆಗುತ್ತದೆ, ಯಾರೂ ಕೂಗುವುದಿಲ್ಲ, ಯಾಕೆಂದರೆ ಯಾರಿಗೂ ಗೊತ್ತಾಗುವುದಿಲ್ಲ. ಅದರ ಮೇಲೆ ಲೈಬ್ರರಿ ಸೆಸ್ ಇನ್ನೊಂದು ಐದು. ಅದರ ಬಗ್ಗೆ ನನಗೆ ತಕರಾರಿಲ್ಲ, ನಮ್ಮೂರಿನ ವಾಚನಾಲಯಕ್ಕೆ ಕನ್ನಡ ಪೇಪರ್ ಬರುತ್ತದೆ. 60 ಚದರ ಮೀಟರ್ ಒಳಗಿನ ಮನೆಯಾದರೆ ತೆರಿಗೆಯೇ ಇಲ್ಲ. ಇದನ್ನೂ ಹೇಳಬೇಕು, ಇಲ್ಲದಿದ್ದರೆ ನೀನು ಇಲ್ಲಿನ ಸರ್ಕಾರ ಬಡವರ ರಕ್ತ ಹೀರುತ್ತದೆ ಅಂತ ಎಲ್ಲರಿಗೂ ಹೇಳಿಕೊಂಡು ಬರುತ್ತೀಯ. ಜಾಗದ ತೀರ್ವೆ ಬೇರೆ, ಅದು ವಿಲೇಜ್ ಆಫೀಸಿಗೆ. ಮನೆ ತೆರಿಗೆ ಪಂಚಾಯತಿಗೆ, ವರ್ಷಕ್ಕೆ ಎರಡು ಕಂತು. ನಿನ್ನ ಬೆಂಗಳೂರಿನ ಸೈಟಿಗೆ ನೀನು ಕಟ್ಟುವುದಕ್ಕೆ ಹೋಲಿಸಿದರೆ ನಮ್ಮದು ಚಿಲ್ಲರೆ.

ಹಾಗಾದರೆ ಗೊಣಗುವುದು ಯಾಕೆ ಅಂತ ಕೇಳುತ್ತೀಯ. ಹೇಳುತ್ತೇನೆ. ದುಡ್ಡು ಕೊಡುವುದು ಕಷ್ಟ ಅಲ್ಲ. ಆ ದುಡ್ಡು ನನ್ನ ಮನೆಗೇ ಜಮಾ ಆಗುವಂತೆ ಮಾಡುವುದು ಕಷ್ಟ.

ಕೇರಳದಲ್ಲಿ ಮನೆ ನಂಬರಿಗೆ ವಾರ್ಡ್ ನಂಬರು ಅಂಟಿಕೊಂಡಿರುತ್ತದೆ. ಮೊದಲು ವಾರ್ಡು, ಗೀಟು, ಆಮೇಲೆ ಮನೆ. ವಾರ್ಡ್ ವಿಂಗಡಣೆ ಆದಾಗಲೆಲ್ಲ ವಾರ್ಡು ಬದಲಾಗುತ್ತದೆ, ನಂಬರೂ ಬದಲಾಗುತ್ತದೆ. ಮನೆ ಅಲ್ಲೇ ಇರುತ್ತದೆ. ನಮ್ಮ ಮನೆಯ ಬಾಗಿಲ ಮೇಲ್ಗಡೆ ನೋಡಿದರೆ ನಿನಗೆ ಪಂಚಾಯತಿನ ಇತಿಹಾಸವೇ ಸಿಗುತ್ತದೆ. ದಾರಂದದ ಮೇಲೆ ಅಪ್ಪನ ಕಾಲದಲ್ಲಿ ಕಪ್ಪು ಬಣ್ಣದಲ್ಲಿ ಬರೆದ ನಂಬರು, ಅರ್ಧ ಸುಣ್ಣದ ಅಡಿಗೆ ಹೋಗಿದೆ. ಅದರ ಪಕ್ಕ ಒಂದು ತಗಡಿನ ಬಿಲ್ಲೆ, ಬೇರೆ ನಂಬರು. ಕೆಳಗೆ ಮನೆಮನೆಯ ಕಸ ಕೊಂಡುಹೋಗುವ ಹರಿತ ಕರ್ಮ ಸೇನೆಯವರು ಅಂಟಿಸಿದ ಕ್ಯೂಆರ್ ಕೋಡ್. ಅದು ಅಪ್ಪನ ನಂಬರಿಗೂ ಬಿಲ್ಲೆಗೂ ಸೇರಿದ್ದಲ್ಲ. ಅಣ್ಣ ತಮ್ಮಂದಿರು ಪಾಲಾದಾಗ ಹಿಂದಿನ ಭಾಗಕ್ಕೆ 'ಎ' ಅಂತ ಒಂದು ಬಾಲ ಬಂತು. ಆ ಬಾಲ ಕೆಲವು ದಾಖಲೆಯಲ್ಲಿ ಉಂಟು, ಕೆಲವದರಲ್ಲಿ ಇಲ್ಲ. ಕರೆಂಟ್ ಬಿಲ್ಲಿನಲ್ಲಿ ಒಂದು ವಿಳಾಸ, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಆಧಾರದಲ್ಲಿ ಮತ್ತೊಂದು.

ಆನ್‌ಲೈನಿನಲ್ಲಿ ಕಟ್ಟಿದರಾಯಿತಲ್ಲ ಅನ್ನುತ್ತೀಯ. ಹಳೆಯ 'ಸಂಚಯ' ಸೈಟಿನಲ್ಲಿ ಕೇಳುತ್ತಿದ್ದದ್ದೇ ವಾರ್ಡಿನ ವರ್ಷ ಯಾವುದು ಅಂತ. ಅಂದರೆ ಯಾವ ಕಾಲದ ವಿಂಗಡಣೆಯ ವಾರ್ಡು ಅಂತ. ನನ್ನ ಹುಟ್ಟಿದ ವರ್ಷ ಕೇಳಿದರೆ ಹೇಳಿಯೇನು. ಒಂದು ವರ್ಷ ಒತ್ತಿದರೆ ಅಪ್ಪನ ಹೆಸರು ಬರುತ್ತಿತ್ತು, ಇನ್ನೊಂದು ಒತ್ತಿದರೆ ಯಾರೋ ಕುಂಞಮ್ಮನ ಹೆಸರು ಬರುತ್ತಿತ್ತು, ಅವರ ಬಾಕಿ ಎಷ್ಟು ಅಂತಲೂ ಗೊತ್ತಾಗುತ್ತಿತ್ತು. ಈಗ 'ಕೆ-ಸ್ಮಾರ್ಟ್' ಬಂದಿದೆ, 2025ರ ಏಪ್ರಿಲ್‌ನಿಂದ ಗ್ರಾಮ ಪಂಚಾಯತಿಗೂ. ಆಧಾರ್ ಓಟಿಪಿ ಹಾಕಿ ಒಳಗೆ ಹೋಗಬೇಕು. ಹೋದೆ. ಒಳಗೆ ನನ್ನ ಮನೆ ಇರಲಿಲ್ಲ. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದ ಹುಡುಗ ಹುಡುಕಿ ಹುಡುಕಿ, "ಅಣ್ಣಾ, ನಿಮ್ಮ ಮನೆ ಉಂಟು, ಆದರೆ ನೀವು ಅದರಲ್ಲಿ ಇಲ್ಲ" ಅಂದ. ವೇದಾಂತಿಗಳು ಇಷ್ಟು ಚೆನ್ನಾಗಿ ಹೇಳಲಾರರು.

ಮಗನ ಕಾಲೇಜಿನ ಸಾಲಕ್ಕೆ ಮಂಗಳೂರಿನ ಒಂದು ಬ್ಯಾಂಕಿಗೆ ಹೋದಾಗ ಇದೆಲ್ಲ ಒಟ್ಟಿಗೆ ಮೇಜಿನ ಮೇಲೆ ಬಿತ್ತು. ಅಲ್ಲಿನ ಆಫೀಸರು ನಮ್ಮ ಭಾಷೆಯವರೇ. ತೆರಿಗೆ ರಸೀದಿ ಕೈಗೆ ತೆಗೆದುಕೊಂಡು ಆಚೆ ಈಚೆ ತಿರುಗಿಸಿದರು.

"ಇದು ಮಲಯಾಳ. ನಮಗೆ ಓದಲಿಕ್ಕೆ ಆಗುವುದಿಲ್ಲ. ಕನ್ನಡದ್ದು ಇಲ್ವಾ ಸರ್?"

"ಇಲ್ಲ. ನಾನೂ ಅದನ್ನೇ ಕೇಳುತ್ತಾ ಇದ್ದೇನೆ."

"ವಾರ್ಡ್ ನಂಬರ್ ಇದರಲ್ಲಿ ಬೇರೆ, ಆಧಾರದಲ್ಲಿ ಬೇರೆ. ನಿಮ್ಮ ಮನೆ ಇದರಲ್ಲಿ ಯಾವುದು?"

"ಎರಡೂ ನಮ್ಮದೇ. ಒಂದೇ ಮನೆ."

"ಹಾಗಾದರೆ ಎರಡೂ ಒಂದೇ ಅಂತ ಪಂಚಾಯತಿನಿಂದ ಒಂದು ಸರ್ಟಿಫಿಕೇಟ್ ತನ್ನಿ. ಇಂಗ್ಲಿಷಿನಲ್ಲಿ ಇದ್ದರೆ ಒಳ್ಳೆಯದು."

ನಾನು ಮನೆಯಲ್ಲಿ ಕನ್ನಡ ಮಾತಾಡುತ್ತೇನೆ, ಅವರೂ ಕನ್ನಡ ಮಾತಾಡುತ್ತಾರೆ, ನಮ್ಮಿಬ್ಬರ ನಡುವೆ ಇರುವ ಕಾಗದಕ್ಕೆ ಮಾತ್ರ ಕನ್ನಡ ಬರುವುದಿಲ್ಲ. ಆ ಸರ್ಟಿಫಿಕೇಟಿಗೆ ಅರ್ಜಿ ಬರೆದೆ, ಕನ್ನಡದಲ್ಲೇ ಬರೆದೆ. ಹಟಕ್ಕೆ ಅಲ್ಲ, ನನಗೆ ಹಕ್ಕು ಉಂಟು. 1969ರ ಕೇರಳ ಅಧಿಕೃತ ಭಾಷೆಗಳ ಕಾನೂನಿನಲ್ಲೇ ಅದನ್ನು ಸ್ಪಷ್ಟವಾಗಿ ಬರೆದಿದ್ದರು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಾವಿರುವ ಕಡೆಯ ಸರ್ಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕೌಂಟರಿನಲ್ಲಿದ್ದದ್ದು ತೆಂಕಣ ಕೇರಳದಿಂದ ಬಂದ ಹುಡುಗಿ, ಮೊದಲ ಪೋಸ್ಟಿಂಗ್. ನನ್ನ ಅರ್ಜಿಯನ್ನು ನೋಡಿ ಮುಖ ಸಣ್ಣ ಮಾಡಿಕೊಂಡಳು. ಅವಳಿಗೆ ಅಕ್ಷರ ತಿಳಿಯದು. ಬೈಯಲಿಕ್ಕೆ ಮನಸ್ಸು ಬರಲಿಲ್ಲ. ಊರು ಬಿಟ್ಟು ಅಷ್ಟು ದೂರ ಬಂದು, ವರ್ಗಾವಣೆಗೆ ದಿನ ಎಣಿಸುತ್ತಿರುವ ಮಗು. ಅವಳನ್ನು ಇಲ್ಲಿಗೆ ಕಳಿಸಿದವರು ಕನ್ನಡ ಬಲ್ಲ ಒಬ್ಬರನ್ನು ಆ ಕುರ್ಚಿಯಲ್ಲಿ ಕೂರಿಸಬೇಕಿತ್ತು, ಅಷ್ಟೇ. ಕೊನೆಗೆ ನನ್ನ ಕನ್ನಡ ಅರ್ಜಿಯನ್ನು ನಾನೇ ಅವಳಿಗೆ ಮಲಯಾಳದಲ್ಲಿ ಓದಿ ಹೇಳಿದೆ, ಅವಳು ಬರೆದುಕೊಂಡಳು. ಹೀಗೆ ನನ್ನ ಹಕ್ಕು ಚಲಾವಣೆ ಆಯಿತು.

ಮಲಯಾಳದ ಮೇಲೆ ನನಗೆ ದ್ವೇಷ ಅಂತ ತಿಳಿಯಬೇಡ. ನನಗೆ ಮಲಯಾಳ ಬರುತ್ತದೆ, ತುಳು ಬರುತ್ತದೆ, ಬ್ಯಾರಿ ಅರ್ಥ ಆಗುತ್ತದೆ. ಇಲ್ಲಿ ಮೀನು ಮಾರ್ಕೆಟ್ಟಿಗೆ ಹೋಗಿ ಬರಲಿಕ್ಕೇ ಮೂರು ಭಾಷೆ ಬೇಕು. ಹರಿತ ಕರ್ಮ ಸೇನೆಯ ಹೆಂಗಸರು ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಕಟ್ಟಿಕೊಂಡು ಹೋಗಲಿಕ್ಕೆ ಬರುತ್ತಾರೆ, ಗೇಟಿನಲ್ಲಿ ತುಳುವಿನಲ್ಲಿ ನಮ್ಮ ಅಮ್ಮನ ಮಂಡಿನೋವು ವಿಚಾರಿಸುತ್ತಾರೆ, ಮೊಬೈಲ್ ಎತ್ತಿ ಕೋಡ್ ಸ್ಕ್ಯಾನ್ ಮಾಡುತ್ತಾರೆ, 50 ರೂಪಾಯಿ ತೆಗೆದುಕೊಳ್ಳುತ್ತಾರೆ. ಸಂಬಳದ ಮಾತು ಎತ್ತಿದೆಯಲ್ಲ, ಬಿಸಿಲಿನಲ್ಲಿ ಚೀಲ ಹೊತ್ತು ತಿರುಗುವ ಇವರ ಗಳಿಕೆ ಬಹುಪಾಲು ಆ ಐವತ್ತರಿಂದಲೇ. ಅದನ್ನೂ ಕೊಡದೆ "ನಮ್ಮಲ್ಲಿ ಪ್ಲಾಸ್ಟಿಕ್ ಇಲ್ಲ" ಅನ್ನುವವರು ನಮ್ಮ ಸಾಲಿನಲ್ಲೇ ಇದ್ದಾರೆ, ಎರಡು ಮಹಡಿಯ ಮನೆಯವರು. ಅವರ ಬಗ್ಗೆ ಕೇಳು, ಗಂಟೆಗಟ್ಟಲೆ ಹೇಳುತ್ತೇನೆ.

ಪಂಚಾಯತಿನಿಂದ ಬರುವುದೂ ಕಡಿಮೆ ಏನಲ್ಲ. ಅಮ್ಮ ಹಾಸಿಗೆ ಹಿಡಿದಿದ್ದಾಗ ಪಾಲಿಯೇಟಿವ್ ನರ್ಸು ಮನೆಗೇ ಬಂದು ನೋಡಿ ಹೋಗುತ್ತಿದ್ದಳು, ಒಂದು ಪೈಸೆ ಕೇಳಲಿಲ್ಲ. ನಿನ್ನ ಬಡಾವಣೆಯಲ್ಲಿ ಹಾಗೆ ಯಾರಾದರೂ ಬರುತ್ತಾರಾ? ನಮ್ಮ ಮಕ್ಕಳು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಓದುತ್ತಾರೆ, ನಿನ್ನ ಮಕ್ಕಳು ಬೆಂಗಳೂರಿನಲ್ಲಿ ಯಾವುದರಲ್ಲಿ ಓದುತ್ತಾರೆ ಅಂತ ನಾನು ಕೇಳುವುದಿಲ್ಲ. ಗೋವಿಂದ ಪೈಗಳ ಮಂಜೇಶ್ವರ, ಕಯ್ಯಾರ ಕಿಞ್ಞಣ್ಣ ರೈಗಳ ಪೆರಡಾಲ ಇರುವ ನೆಲ ಇದು. ಇಲ್ಲಿ ಕೂತು ಕನ್ನಡ ಉಳಿಸಿಕೊಳ್ಳಲಿಕ್ಕೆ ಎಷ್ಟು ಫಾರಂ ತುಂಬಬೇಕು ಅಂತ ನಿನಗೆ ಗೊತ್ತಿಲ್ಲ.

ನನಗೆ ಮನಸ್ಸಿಗೆ ಚುಚ್ಚುವುದು ಒಂದೇ. 2025ರ ಡಿಸೆಂಬರ್‌ನಲ್ಲಿ ಪಂಚಾಯತ್ ಚುನಾವಣೆ ಆಯಿತು. ಮತಯಂತ್ರದಲ್ಲಿ ಅಭ್ಯರ್ಥಿಗಳ ಹೆಸರು ಕನ್ನಡದಲ್ಲೂ ಇತ್ತು. ಮನೆಗೆ ಬಂದ ಪ್ರಚಾರದ ನೋಟೀಸುಗಳು ಕನ್ನಡದಲ್ಲಿ, ಮೈಕಿನ ಘೋಷಣೆ ಕನ್ನಡದಲ್ಲಿ. ಒಂದು ಪಕ್ಷದವರು ಅಚ್ಚ ಗ್ರಾಂಥಿಕ ಕನ್ನಡದಲ್ಲಿ ವಿಜ್ಞಾಪನೆ ಹಂಚಿದರು, ನಮಗೇ ಅರ್ಥ ಆಗಲಿಲ್ಲ. ಅದಾಗಿ ಬಂದ ತೆರಿಗೆ ನೋಟೀಸು ಪೂರ್ತಿ ಮಲಯಾಳದಲ್ಲಿ. ಓಟು ಕೇಳಲಿಕ್ಕೆ ಕನ್ನಡ ಅಚ್ಚು ಹಾಕುವ ಪ್ರೆಸ್ಸು ಸಿಗುತ್ತದೆ, ದುಡ್ಡು ಕೇಳುವಾಗ ಸಿಗುವುದಿಲ್ಲ. ನಮ್ಮ ಸಾಲಿನ ಅಜ್ಜಿಯೊಬ್ಬರು ಆ ನೋಟೀಸು ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಮನೆ ಜಪ್ತಿಯಂತೆ ಅಂತ ಯಾರೋ ಹೆದರಿಸಿದ್ದರು. ನೋಡಿದರೆ ಬರೀ ಒಂದು ಕಂತು ಬಾಕಿ. ಅದೂ ಹಳೆಯ ನಂಬರಿನಲ್ಲಿ. ಹೊಸ ನಂಬರಿನಲ್ಲಿ ಅವರು ಕಟ್ಟಿಯಾಗಿತ್ತು.

ಇದನ್ನೆಲ್ಲ ಹೊಸ ಮೆಂಬರಿಗೆ ಹೇಳಿದೆ. ನಮ್ಮವರೇ, ಮನೆಯಲ್ಲಿ ಕನ್ನಡವೇ. "ಮುಂದಿನ ಮೀಟಿಂಗಿನಲ್ಲಿ ಠರಾವು ಮಂಡಿಸುತ್ತೇನೆ ಅಣ್ಣಾ, ನೋಟೀಸು ಎರಡೂ ಭಾಷೆಯಲ್ಲಿ ಬರಬೇಕು, ಹಳೆ ನಂಬರು ಹೊಸ ನಂಬರು ಒಟ್ಟಿಗೆ ಹಾಕಬೇಕು" ಅಂದರು. ಒಳ್ಳೆಯ ಮಾತು. ಆಮೇಲೆ ಸ್ಕೂಟರ್ ಸ್ಟಾರ್ಟ್ ಮಾಡುತ್ತಾ, ಗೌರವಧನ ಎಲ್ಲಿಗೂ ಸಾಲುವುದಿಲ್ಲ, ಅದನ್ನು ಏರಿಸಬೇಕು ಅಂತಲೂ ಒಂದು ಠರಾವು ತರುವ ಯೋಚನೆ ಉಂಟು ಅಂದರು. ಎರಡರಲ್ಲಿ ಯಾವುದು ಮೊದಲು ಪಾಸಾಗುತ್ತದೆ ಅಂತ ನಿನಗೆ ಫೋನ್ ಮಾಡಿ ಹೇಳುತ್ತೇನೆ. ಪಂದ್ಯ ಕಟ್ಟುವುದಿದ್ದರೆ ಈಗಲೇ ಕಟ್ಟು.